ಯಾವ ತೂಬು ತೆರೆಯಬೇಕು?

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ ರೈತರಿಗೆ ತೂಬಿನ ಮಹತ್ವ ಹೇಳಿಕೊಡಬೇಕಿಲ್ಲ. ಮೇಲೆ ಬೇಕಾಬಿಟ್ಟಿ ತೆರೆದರೆ ಕೆಳಗೆ ನೀರಿಲ್ಲ. ಕಂಪ್ಯೂಟರಿನಲ್ಲೂ ಅಂಥ ತೂಬುಗಳಿವೆ. ಅವೇ ಪೋರ್ಟ್‌ಗಳು, ನಂಬರು 65,535ರವರೆಗೆ. ಕಾವಲಿಗೆ ಫೈರ್‌ವಾಲ್.

ಮಾನ್ವಿ, ದೇವದುರ್ಗದ ಅಂಗಡಿಗಳ ಲೆಕ್ಕ ಆಗಿಂದಾಗಲೇ ರಾಯಚೂರಿನ ಕಚೇರಿಗೆ ಹರಿಯಬೇಕೆನ್ನಿ. ಇಂಥ ಕೆಲಸಕ್ಕೆ ಬಳಸುವ ತಂತ್ರಾಂಶ ಕಾಫ್ಕಾ. ಅದರ ಕನೆಕ್ಟರ್ ಅಂಗಡಿಯಲ್ಲಿದ್ದು, ಲೆಕ್ಕವನ್ನು ಕಚೇರಿಯ ಪೋರ್ಟ್‌ಗೆ, ಸಾಮಾನ್ಯವಾಗಿ 9092ಕ್ಕೆ, ಕಳಿಸುತ್ತದೆ. ಕಚೇರಿಯಲ್ಲಿ ಅದೊಂದನ್ನೇ, ಈ ಅಂಗಡಿಗಳ ವಿಳಾಸಕ್ಕಷ್ಟೇ ತೆರೆಯಿರಿ. ಲೆಕ್ಕ ಗೂಢಲಿಪಿಯಲ್ಲಿ ಸಾಗಲಿ. ಅಂಗಡಿಗೆ ಹೊರಗಿನಿಂದ ಒಳಬರುವ ದಾರಿ ಬೇಕಿಲ್ಲ.

ಕನೆಕ್ಟರಿಗೆ ಅಪ್ಪಣೆ ಕೊಡುವ 8083 ಮಾತ್ರ ಹೊರಗಿನವರಿಗೆ ಸಿಗದಿರಲಿ. ನೀವಾಗಿ ಬೀಗ ಹಾಕದಿದ್ದರೆ ಅದು ಯಾರ ಗುರುತನ್ನೂ ಕೇಳುವುದಿಲ್ಲ. ಕೈಗೆ ಸಿಕ್ಕವನು ಲೆಕ್ಕವನ್ನೆಲ್ಲ ತನ್ನ ಹೊಲಕ್ಕೇ ತಿರುಗಿಸಿಕೊಂಡಾನು.