ಹತ್ತು ನಿಮಿಷದಲ್ಲಿ ಅಳೆದ ಸ್ವಭಾವ

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಕಾಲೇಜಿನ ಸಮಾಚಾರ ಬಂತು. ಯಾವುದೋ ಸಮಾರಂಭದಲ್ಲಿ ವಂದನಾರ್ಪಣೆ ಮಾಡಬೇಕೆಂದು ಅಧ್ಯಾಪಕಿಯೊಬ್ಬರು ಕೇಳಿದರಂತೆ, ಇವಳು ಒಲ್ಲೆನೆಂದಳಂತೆ. ಏಕಮ್ಮ ಎಂದು ಕೇಳಿದೆ. ಬಾಯಲ್ಲಿ ಉತ್ತರ ಹೇಳದೆ ಮೊಬೈಲನ್ನು ನನ್ನ ಕಣ್ಣಿನ ಮುಂದೆ ಹಿಡಿದಳು. ಅದರಲ್ಲಿ ಒಂದು ಬಣ್ಣದ ಗೊಂಬೆ, ನಾಲ್ಕು ಇಂಗ್ಲಿಷ್ ಅಕ್ಷರಗಳು, ಅದರ ಕೆಳಗೆ ಒಂದು ಅಂಕಿ. “ನೋಡಿ ತಾತ, ನಾನು 78 ಪರ್ಸೆಂಟ್ ಇಂಟ್ರೋವರ್ಟ್. ಸ್ಟೇಜು ಗೀಜು ಎಲ್ಲ ನನ್ನ ಟೈಪ್ ಅಲ್ಲ” ಎಂದಳು.

34 ವರ್ಷ ಗಣಿತ ಪಾಠ ಮಾಡಿದವನು ನಾನು. ಶೇಕಡಾ ಎಂದು ಯಾರಾದರೂ ಹೇಳಿದೊಡನೆ ‘ಯಾವುದರ ಶೇಕಡಾ?’ ಎಂದು ಕೇಳದೆ ಇರಲಾರೆನೆಂಬುದು ನನ್ನ ಹಳೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದನ್ನೇ ಕೇಳಿದೆ. ಅವಳಿಗೆ ತಿಳಿದಿರಲಿಲ್ಲ. ಅವಳ ಗೆಳತಿಯರಿಗೂ ತಿಳಿಯದು. ಆದರೂ ಪರಸ್ಪರ ಪರಿಚಯ ಮಾಡಿಕೊಳ್ಳುವಾಗ ಊರು, ಹೆಸರು ಹೇಳಿದ ಹಾಗೆ ಆ ನಾಲ್ಕು ಅಕ್ಷರಗಳನ್ನೂ ಹೇಳಿಕೊಳ್ಳುತ್ತಾರಂತೆ.

ಟೀಕಿಸುವ ಮೊದಲು ಪರೀಕ್ಷೆಗೆ ಕುಳಿತು ನೋಡುವುದು ನ್ಯಾಯ. ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಉತ್ತರಿಸತೊಡಗಿದೆ. ‘ಪಾರ್ಟಿಗಳಲ್ಲಿ ನೀವೇ ಮುಂದಾಗಿ ಹೊಸಬರನ್ನು ಮಾತನಾಡಿಸುತ್ತೀರಾ?’ ಎಂಬರ್ಥದ ಒಂದು ಪ್ರಶ್ನೆ. ನಾನು ಪಾರ್ಟಿಗೆ ಹೋದವನಲ್ಲ. ಮದುವೆ ಮನೆಗಳಿಗೆ ಹೋಗಿದ್ದೇನೆ. ಅಲ್ಲಿ ನಾನು ಹೆಚ್ಚು ಮಾತನಾಡುವವನೂ ಅಲ್ಲ, ಮೂಲೆ ಹಿಡಿಯುವವನೂ ಅಲ್ಲ. ಪಂಕ್ತಿಯಲ್ಲಿ ಹುಳಿಯ ಬಕೆಟ್ಟು ಹಿಡಿದು ಬಡಿಸುವವನು. ಇನ್ನೂರು ಎಲೆಗಳ ಮುಂದೆ ಬಾಗಿ ‘ಇನ್ನೊಂದು ಸ್ವಲ್ಪ’ ಎಂದು ಒತ್ತಾಯ ಮಾಡುವವನು ಅಂತರ್ಮುಖಿಯೋ ಬಹಿರ್ಮುಖಿಯೋ? ಇದಕ್ಕೆ ಅಲ್ಲಿ ಮನೆಯಿರಲಿಲ್ಲ. ‘ಹೌದು’ ಮತ್ತು ‘ಇಲ್ಲ’ಗಳ ನಡುವೆ ಒಂದಷ್ಟು ಚುಕ್ಕೆಗಳಿದ್ದವು. ಒಂದನ್ನು ಒತ್ತಿದೆ. ಆ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಮೂರು ಗಂಟೆ ಕಾದು ಬಂದಿದ್ದೆ. ಜನಜಂಗುಳಿ ಎಂದರೆ ಸಾಕಾಗಿತ್ತು. ಫಲಿತಾಂಶ: ಶೇಕಡಾ 64 ಅಂತರ್ಮುಖಿ.

ದೀಪಾವಳಿ ಕಳೆದ ಮೇಲೆ ಹಳೆಯ ವಿದ್ಯಾರ್ಥಿಗಳ ಒಂದು ತಂಡದವರು ಗುರುವಂದನೆ ಇಟ್ಟುಕೊಂಡಿದ್ದರು. ಇಡೀ ದಿನ ಮಾತು, ನಗು, ಹಳೆಯ ಅಡ್ಡಹೆಸರುಗಳ ಸ್ಮರಣೆ. ಮನೆಗೆ ಬಂದವನೇ ಕುತೂಹಲದಿಂದ ಅದೇ ಪರೀಕ್ಷೆಯನ್ನು ಮತ್ತೆ ತೆಗೆದುಕೊಂಡೆ. ಶೇಕಡಾ 57 ಬಹಿರ್ಮುಖಿ! ಗೊಂಬೆ ಬೇರೆ, ಅಕ್ಷರ ಬೇರೆ, ನನಗೆ ಹೊಂದುವ ವೃತ್ತಿಗಳ ಪಟ್ಟಿಯೂ ಬೇರೆ. ಎಪ್ಪತ್ತು ದಾಟಿದ ಮನುಷ್ಯನ ಸ್ವಭಾವ ಒಂದು ತಿಂಗಳಲ್ಲಿ ಮಗುಚಿಬಿತ್ತೆಂದು ನಂಬುವುದಕ್ಕಿಂತ ಅಳತೆಗೋಲೇ ಸರಿಯಿಲ್ಲವೆಂದು ನಂಬುವುದು ಸುಲಭವಲ್ಲವೇ?

ಈ ಅಳತೆಗೋಲಿನ ಹುಟ್ಟನ್ನು ತುಸು ನೋಡೋಣ. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳು ಜನಜನಿತವಾದದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಪೂರ್ತಿಯಾಗಿ ಒಂದೇ ಕಡೆಗೆ ವಾಲಿದ ಮನುಷ್ಯರಿರುವುದಿಲ್ಲ ಎಂಬ ಎಚ್ಚರ ಅವರಿಗಿತ್ತು. ಆಮೇಲೆ ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಯೂಂಗರ ವಿಚಾರಗಳನ್ನು ಹಿಡಿದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಇಬ್ಬರೂ ಮನಶ್ಶಾಸ್ತ್ರದಲ್ಲಿ ವಿಧಿವತ್ತಾಗಿ ತರಬೇತಿ ಪಡೆದವರಲ್ಲ. ಅದರಲ್ಲಿ ಮನುಷ್ಯರು 16 ಬಗೆ; ಪ್ರತಿ ಬಗೆಗೂ ನಾಲ್ಕು ಅಕ್ಷರ; ಮೊದಲನೆಯ ಅಕ್ಷರ ‘ಇ’ ಇಲ್ಲವೇ ‘ಐ’. ಇಂದು ಮೊಬೈಲಿನಲ್ಲಿ ಓಡಾಡುವ ಬಹುಪಾಲು ಪುಕ್ಕಟೆ ಪರೀಕ್ಷೆಗಳು ಅದರ ನೆರಳುಗಳು. ಮೂಲ ಪರೀಕ್ಷೆಯ ಪ್ರಕಾಶಕರೇ ಇದನ್ನು ನೌಕರಿಗೆ ಆರಿಸುವ ಸಾಧನವಾಗಿ ಬಳಸಬಾರದೆಂದು ಹೇಳಿದ್ದಾರೆ. ನೆರಳುಗಳಿಗೆ ಆ ಸಂಕೋಚವೂ ಇಲ್ಲ.

ಇದರ ಮೂಲದೋಷ ಗಣಿತದ್ದು. ನಮ್ಮ ಶಾಲೆಯಲ್ಲಿ ಡ್ರಿಲ್ ಮಾಸ್ತರರು ಮಕ್ಕಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸುತ್ತಿದ್ದುದನ್ನು ನೆನಪಿಸಿಕೊಳ್ಳಿ. 40 ಮಂದಿಯಲ್ಲಿ ತೀರ ಉದ್ದನೆಯವರು ಮೂವರೋ ನಾಲ್ವರೋ, ತೀರ ಗಿಡ್ಡನೆಯವರು ಅಷ್ಟೇ. ಉಳಿದವರೆಲ್ಲ ಹೆಚ್ಚುಕಡಿಮೆ ಒಬ್ಬರ ಭುಜಕ್ಕೆ ಒಬ್ಬರು. ಈಗ ಸಾಲಿನ ನಟ್ಟನಡುವೆ ಸುಣ್ಣದ ಗೆರೆ ಎಳೆದು, ಈಚೆಯವರೆಲ್ಲ ‘ಉದ್ದದ ಜಾತಿ’, ಆಚೆಯವರೆಲ್ಲ ‘ಗಿಡ್ಡದ ಜಾತಿ’ ಎಂದು ಸಾರಿದರೆ ಹೇಗೆ? 20ನೆಯವನಿಗೂ 21ನೆಯವನಿಗೂ ಅರ್ಧ ಅಂಗುಲದ ಅಂತರವಿಲ್ಲ. ಅವರಿಗೆ ಬೇರೆ ಬೇರೆ ಹೆಸರು. ಒಂದನೆಯವನಿಗೂ 20ನೆಯವನಿಗೂ ಗೇಣುದ್ದದ ಅಂತರ. ಅವರಿಬ್ಬರಿಗೂ ಒಂದೇ ಹೆಸರು. ಮಾರನೆಯ ದಿನ 21ನೆಯವನು ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಬಂದರೆ ಅವನ ಜಾತಿಯೇ ಬದಲು. ನನಗೆ ಆದದ್ದು ಇದೇ.

ಮನುಷ್ಯರ ಬಹಿರ್ಮುಖತೆಯೂ ಎತ್ತರದ ಹಾಗೆಯೇ. ಮನಶ್ಶಾಸ್ತ್ರಜ್ಞರು ಇಂದು ಹೆಚ್ಚಾಗಿ ಒಪ್ಪುವ ‘ಐದು ಗುಣಗಳ’ ಮಾದರಿಯಲ್ಲಿ ಅದು ಒಂದು ಸಾಲು, ಎರಡು ಪೆಟ್ಟಿಗೆಗಳಲ್ಲ. ಬಹುಮಂದಿ ಆ ಸಾಲಿನ ನಡುವಿನಲ್ಲಿ ನಿಲ್ಲುತ್ತಾರೆ. ಎಚ್ಚರಿಕೆಯಿಂದ ರಚಿಸಿದ ಪ್ರಶ್ನಾವಳಿಗಳಿಂದ ಆ ಸಾಲಿನಲ್ಲಿ ನಾವು ಸುಮಾರು ಎಲ್ಲಿ ನಿಲ್ಲುತ್ತೇವೆಂದು ಅಂದಾಜು ಮಾಡಬಹುದು, ಅದಕ್ಕೆ ಉಪಯೋಗವೂ ಉಂಟು. ಆ ಶಾಸ್ತ್ರದ ಮೇಲೆ ನನಗೆ ಜಗಳವಿಲ್ಲ. ಅಂದಾಜನ್ನು ಹೆಸರಾಗಿಸಿ, ಹೆಸರಿಗೆ ಗೊಂಬೆ ಅಂಟಿಸಿ, ಎಳೆಯರ ಕೈಗೆ ಕೊಡುವ ವ್ಯಾಪಾರದ ಮೇಲೆ ನನ್ನ ಜಗಳ.

‘ಆದರೆ ಅದರಲ್ಲಿ ಬರೆದದ್ದೆಲ್ಲ ನನಗೆ ಅಕ್ಷರಶಃ ಹೊಂದುತ್ತದೆಯಲ್ಲ!’ ಎಂದು ಮೊಮ್ಮಗಳು ವಾದಿಸಿದಳು. ಹೊಂದದೆ ಏನು? 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಕೆಲವು ದಿನಗಳ ನಂತರ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರದಿಯೆಂದು ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ, 5ಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಿಚ್ಚಿದ: ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ, ಅದರ ವಾಕ್ಯಗಳನ್ನು ಬಹುತೇಕ ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ತೆಗೆದದ್ದು. ನಮ್ಮ ಜಾತ್ರೆಗಳ ಗಿಣಿಶಾಸ್ತ್ರದವನಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ‘ಹೊರಗೆ ನಗುತ್ತೀರಿ, ಒಳಗೆ ಒಂದು ಚಿಂತೆ ಇದೆ’ ಎಂದರೆ ತಲೆಯಾಡಿಸದ ಗಿರಾಕಿ ಯಾರು? ಅವನ ಗಿಣಿ ಬರಿದೆ ಒಂದು ಚೀಟಿ ಎಳೆಯುತ್ತದೆ. ಮೊಬೈಲಿನ ಗಿಣಿ ಇನ್ನೂ ಜಾಣ. ಮೊದಲು ನಮ್ಮಿಂದಲೇ ‘ನಾನು ಹೆಚ್ಚು ಮಾತನಾಡುವುದಿಲ್ಲ’ ಎಂದು ಹೇಳಿಸಿ, ಆಮೇಲೆ ‘ನೀವು ಹೆಚ್ಚು ಮಾತನಾಡದವರು’ ಎಂದು ಚೀಟಿ ಕೊಡುತ್ತದೆ. ನಾವು ಬೆರಗಾಗುತ್ತೇವೆ.

ಪುಕ್ಕಟೆಯೆಂಬ ಮಾತನ್ನೂ ಪೂರ್ತಿ ನಂಬಬೇಡಿ. 2014ರಲ್ಲಿ ಫೇಸ್‌ಬುಕ್ಕಿನಲ್ಲಿ ಹೀಗೆಯೇ ಸ್ವಭಾವ ಪರೀಕ್ಷೆಯ ಆಪ್ ಒಂದು ಬಂದಿತ್ತು. ಅದರ ಮೂಲಕ ಸಂಗ್ರಹಿಸಿದ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಸಲಹೆಯ ಕಂಪನಿಯ ಪಾಲಾದದ್ದು 2018ರಲ್ಲಿ ಬಯಲಾಯಿತು. ಆಗ ಫೇಸ್‌ಬುಕ್ ಕಂಪನಿಯೇ ಕೊಟ್ಟ ಲೆಕ್ಕ ಹೀಗಿದೆ: ಭಾರತದಲ್ಲಿ ಆ ಆಪನ್ನು ಹಾಕಿಕೊಂಡವರು 335 ಮಂದಿ, ಅವರ ಗೆಳೆತನದ ದೆಸೆಯಿಂದ ಮಾಹಿತಿ ಹೋಗಿರಬಹುದಾದವರನ್ನೂ ಸೇರಿಸಿದರೆ 5,62,000ಕ್ಕೂ ಹೆಚ್ಚು. ಯಾರೋ ಒಬ್ಬರು ವಿನೋದಕ್ಕೆಂದು ಒತ್ತಿದ ಗುಂಡಿಗೆ ಪ್ರಶ್ನೆಯನ್ನೇ ನೋಡದ ಸಾವಿರಾರು ಮಂದಿ ಬೆಲೆ ತೆತ್ತರು.

ಇಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಬರೆಯಲು ನಿಜವಾದ ಕಾರಣ ಬೇರೆ. ಜನರಿಗೆ ಹೀಗೆ ಚೀಟಿ ಅಂಟಿಸುವ ಕೆಲಸವನ್ನು ನಾನೂ ಮಾಡಿದ್ದೇನೆ.

1988ರಲ್ಲಿ ಎಂಟನೆಯ ತರಗತಿಯಲ್ಲಿ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು; ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಕರೆದರೆ ಎದ್ದು ನಿಂತು ನೆಲ ನೋಡುತ್ತಿದ್ದ. ಅವನ ಪ್ರಗತಿ ಪತ್ರದ ಷರಾದಲ್ಲಿ ನಾನು ‘ಮೌನ ಸ್ವಭಾವದವನು’ ಎಂದು ಬರೆದೆ. ಮರುವರ್ಷದ ತರಗತಿ ಶಿಕ್ಷಕರು ಅದನ್ನು ಓದಿಯೇ ಅವನನ್ನು ನೋಡಿರಬೇಕು. ವಾರ್ಷಿಕೋತ್ಸವದ ನಾಟಕಕ್ಕೆ ಅವನನ್ನು ಕರೆಯಲಿಲ್ಲ, ಚರ್ಚಾಸ್ಪರ್ಧೆಗೆ ಕರೆಯಲಿಲ್ಲ. ಯಾರೂ ಅವನಿಗೆ ಅನ್ಯಾಯ ಮಾಡುತ್ತಿದ್ದೇವೆಂದು ಭಾವಿಸಲಿಲ್ಲ. ಅವನ ಸ್ವಭಾವಕ್ಕೆ ಗೌರವ ಕೊಡುತ್ತಿದ್ದೇವೆಂದೇ ನಮ್ಮ ಎಣಿಕೆ.

ಮೇಲೆ ಹೇಳಿದ ಗುರುವಂದನೆಗೆ ಅವನು ಬಂದಿದ್ದ. ಬಸ್ ಕಂಡಕ್ಟರ್ ಆಗಿ ಇಪ್ಪತ್ತೈದು ವರ್ಷಕ್ಕೂ ಮೇಲಾಯಿತಂತೆ. ಊಟದ ಹೊತ್ತಿನಲ್ಲಿ ಇಡೀ ಪಂಕ್ತಿಯನ್ನು ನಗಿಸುತ್ತಿದ್ದವನು ಅವನೇ. ನಾನು ಆಶ್ಚರ್ಯಪಟ್ಟು, “ನೀನು ಆಗ ಮಾತೇ ಆಡುತ್ತಿರಲಿಲ್ಲವಲ್ಲಪ್ಪ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಮನೇಲಿ ನಾವು ಲಂಬಾಣಿ ಆಡ್ತಿದ್ದದ್ದು. ಕನ್ನಡದಲ್ಲಿ ಬಾಯಿ ಬಿಟ್ರೆ ಹುಡುಗ್ರು ನಗ್ತಿದ್ರು. ತಾಂಡಾದಲ್ಲಿ ನನ್ನಷ್ಟು ಮಾತಾಡೋನು ಇನ್ನೊಬ್ಬ ಇರಲಿಲ್ಲ” ಎಂದ. ಆಕ್ಷೇಪಣೆಯ ಧ್ವನಿಯಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಾನು ಸ್ವಭಾವವೆಂದು ಬರೆದದ್ದು ಸ್ವಭಾವವಾಗಿರಲಿಲ್ಲ; ಭಯವಾಗಿತ್ತು. ಅದೂ ಅವನೊಳಗಿನಿಂದ ಹುಟ್ಟಿದ್ದಲ್ಲ, ನನ್ನ ತರಗತಿಯಲ್ಲೇ ಹುಟ್ಟಿದ್ದು. ಭಯವೆಂದು ಗುರುತಿಸಿದ್ದರೆ ನನಗೆ ಕೆಲಸವಿರುತ್ತಿತ್ತು: ನಗುವವರನ್ನು ಗದರಿಸಬೇಕಿತ್ತು, ಅವನನ್ನು ಹತ್ತಿರ ಕೂರಿಸಿಕೊಂಡು ನಾಲ್ಕು ಮಾತು ಆಡಿಸಬೇಕಿತ್ತು. ಸ್ವಭಾವವೆಂದು ಬರೆದೊಡನೆ ನನ್ನ ಕೆಲಸ ಮುಗಿಯಿತು. ಆ ಎರಡು ಪದಗಳು ಅವನನ್ನು ವರ್ಣಿಸಲಿಲ್ಲ. ನನ್ನನ್ನು ಹೊಣೆಯಿಂದ ಬಿಡಿಸಿದವು.

ಈ ಪರೀಕ್ಷೆಗಳೂ ಮಾಡುವುದು ಇದನ್ನೇ. ಒಬ್ಬನೇ ಕುಳಿತು ಓದುವುದರಲ್ಲಿ ನಿಜವಾಗಿ ಸುಖ ಕಾಣುವವನು ಬೇರೆ. ಮಾತನಾಡಬೇಕೆಂಬ ಆಸೆಯಿದ್ದೂ ಎದೆ ಹೊಡೆದುಕೊಂಡು ಹಿಂದೆ ಸರಿಯುವವನು ಬೇರೆ. ಮೊದಲನೆಯದು ಅಂತರ್ಮುಖತೆ, ಎರಡನೆಯದು ಅಂಜಿಕೆ. ಮನಶ್ಶಾಸ್ತ್ರ ಇವೆರಡನ್ನೂ ಬೇರೆಬೇರೆಯೆಂದೇ ಹೇಳುತ್ತದೆ. ‘ಹೊಸಬರನ್ನು ಮಾತನಾಡಿಸುತ್ತೀರಾ?’ ಎಂದು ಮಾತ್ರ ಕೇಳಿ, ‘ಮಾತನಾಡಿಸಲು ಇಷ್ಟವಿಲ್ಲವೋ, ಧೈರ್ಯವಿಲ್ಲವೋ?’ ಎಂದು ಕೇಳದ ಪರೀಕ್ಷೆ ಇಬ್ಬರಿಗೂ ಒಂದೇ ಗೊಂಬೆ ಕೊಡುತ್ತದೆ. ಮೊದಲನೆಯವನಿಗೆ ಅದರಿಂದ ನಷ್ಟವಿಲ್ಲ. ಎರಡನೆಯವನಿಗೆ ತನ್ನ ಬೇಡಿಯ ಮೇಲೆ ಒಡವೆಯೆಂದು ಬರೆದುಕೊಟ್ಟಂತೆ.

ಈ ಮಾತುಗಳಿಂದ ಒಳ್ಳೆಯದೂ ಆಗಿದೆಯೆಂಬುದನ್ನು ಮರೆಮಾಚಲಾರೆ. ನಮ್ಮ ಕಾಲದಲ್ಲಿ ಸುಮ್ಮನಿರುವ ಮಗುವನ್ನು ಮಂಕು, ಗುಮ್ಮ ಎಂದು ಕರೆಯುತ್ತಿದ್ದರು. ನೆಂಟರ ಮುಂದೆ ನಿಲ್ಲಿಸಿ ಹಾಡು ಹೇಳು ಎಂದು ಪೀಡಿಸುತ್ತಿದ್ದರು. ಸೂಸನ್ ಕೇನ್ ಅವರ ‘ಕ್ವೈಟ್’ ಎಂಬ ಪುಸ್ತಕ 2012ರಲ್ಲಿ ಬಂದ ಮೇಲೆ, ಮೌನವೂ ಒಂದು ಶಕ್ತಿಯೆಂದು ಬಹಳ ಮಂದಿಗೆ ಮನವರಿಕೆಯಾಯಿತು. ಒಂಟಿಯಾಗಿರಲು ಬಯಸುವವರನ್ನು ಅವರ ಪಾಡಿಗೆ ಬಿಡುವುದು ಸೌಜನ್ಯ. ನಮ್ಮ ಮನೆಯ ಸಮಾರಂಭಗಳಲ್ಲಿ ಈಗಲೂ ಮಕ್ಕಳನ್ನು ಹಾಡಿಗೆ ಎಳೆಯುವ ಬಂಧುಗಳು ದಯವಿಟ್ಟು ಇದನ್ನು ಎರಡು ಸಲ ಓದಿಕೊಳ್ಳಲಿ. ಆದರೆ ಆ ಸೌಜನ್ಯ ತೋರಲು ಶೇಕಡಾವಾರು ಬೇಕಿಲ್ಲ. ಮಗುವಿನ ಮುಖ ನೋಡಿದರೆ ಸಾಕು.

ಗುರುವಂದನೆಯ ಮರುದಿನ ಮೊಮ್ಮಗಳಿಗೆ ಫೋನು ಮಾಡಿ ಕಂಡಕ್ಟರನ ಕಥೆ ಹೇಳಿದೆ. “ವಂದನಾರ್ಪಣೆ ಮಾಡಲು ನಿನಗೆ ಇಷ್ಟವಿಲ್ಲವೋ, ಭಯವೋ?” ಎಂದು ಕೇಳಿದೆ. ಬಹಳ ಹೊತ್ತು ಸದ್ದಿಲ್ಲ. ಕೊನೆಗೆ, “ಭಯ ತಾತ. ಇಂಗ್ಲಿಷ್ ತಪ್ಪಿದ್ರೆ ಅಂತ” ಎಂದಳು. 1988ರ ಹುಡುಗನಿಗೆ ಕನ್ನಡ, ಇವಳಿಗೆ ಇಂಗ್ಲಿಷ್. ಭಾಷೆ ಬದಲಾಗಿದೆ, ನಗುವವರು ಬದಲಾಗಿಲ್ಲ.

“ಹಾಗಾದರೆ ಅದನ್ನು ಭಯ ಎಂದೇ ಕರೆ. ಭಯಕ್ಕೆ ಅಭ್ಯಾಸವೆಂಬ ಮದ್ದಿದೆ, ಟೈಪಿಗೆ ಮದ್ದಿಲ್ಲ” ಎಂದೆ. “ನೋಡೋಣ ತಾತ” ಎಂದಳು. ಅಷ್ಟೇ. ಅವಳು ಮುಂದಿನ ಸಲ ವೇದಿಕೆ ಹತ್ತುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಹತ್ತದಿದ್ದರೂ ಚಿಂತೆಯಿಲ್ಲ, ಒಲ್ಲೆನೆನ್ನುವುದು ಅವಳ ಮಾತಾಗಿರಲಿ, ಮೊಬೈಲಿನ ಗೊಂಬೆಯದಾಗದಿರಲಿ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಅಧ್ಯಾಪಕರು, ಕೆಲವರು ಕಚೇರಿಗಳಲ್ಲಿ ಜನರನ್ನು ನೇಮಿಸಿಕೊಳ್ಳುವ ಹುದ್ದೆಯಲ್ಲಿರುವವರು. ಇಂಥ ಹಾಳೆಯೊಂದು ನಿಮ್ಮ ಮೇಜಿಗೆ ಬಂದಾಗ ನನ್ನ ಆ ಷರಾವನ್ನು ನೆನಪಿಸಿಕೊಳ್ಳಿ. ಮತ್ತು ನಿಮ್ಮ ಪ್ರಗತಿ ಪತ್ರಗಳಲ್ಲಿ ನಾನು ಅಂಥದ್ದೇನಾದರೂ ಬರೆದಿದ್ದರೆ, ಅದನ್ನು ಇಂದೇ ಹೊಡೆದುಹಾಕಿ. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರೂ ನನ್ನ ಆಕ್ಷೇಪಣೆಯಿಲ್ಲ.