ತೇವವೂ ಗಾಯಮಾಡುತ್ತದೆ

ಕೋಲಾರದ ಚಿನ್ನದ ಗಣಿಪ್ರದೇಶದ ಚಾಂಪಿಯನ್ ರೀಫ್ ಗಣಿಯಲ್ಲಿ 3,000 ಮೀಟರಿಗೂ ಮಿಗಿಲಾದ ಆಳಕ್ಕಿಳಿದು ಬಂಡೆ ಕೊರೆದವರ ಶ್ವಾಸಕೋಶಗಳನ್ನು ಕಲ್ಲಿನ ಧೂಳು ಹೇಗೆ ಕೆಡಿಸಿತೆಂಬುದನ್ನು ನಾಡು ತಕ್ಕಮಟ್ಟಿಗೆ ಬಲ್ಲದು. ಆದರೆ 2001ರಲ್ಲಿ ಗಣಿಗಳು ಮುಚ್ಚಿದ ತರುವಾಯ ಊರಿಗಾಂ, ಮಾರಿಕುಪ್ಪಂಗಳ ಇಕ್ಕಟ್ಟಾದ ಕಾರ್ಮಿಕರ ಲೈನ್ ಮನೆಗಳಲ್ಲಿ, ಆ ಧೂಳು ತರುವ ಸಿಲಿಕೋಸಿಸ್‌ ರೋಗದಿಂದ ಹಾಸಿಗೆ ಹಿಡಿದ ವೃದ್ಧರಿಗೆ ಎರಡನೆಯ ವಿಪತ್ತೊಂದು, ಅದೂ ಬಹುಮಟ್ಟಿಗೆ ನಿವಾರಿಸಬಹುದಾದ ವಿಪತ್ತು, ಕಾದಿರುತ್ತದೆಂಬುದನ್ನು ಬಲ್ಲವರು ವಿರಳ. ರೋಗ ಬಲಿತವನು ಅಂಗಾತ ಮಲಗಲಾರ. ಮಲಗಿದರೆ ಉಸಿರು ಕಟ್ಟುತ್ತದೆ. ಆದುದರಿಂದ ಅವನು ದಿಂಬುಗಳಿಗೆ ಒರಗಿ ಹಗಲಿರುಳು ಕುಳಿತೇ ಇರಬೇಕಾಗುತ್ತದೆ. ದೇಹದ ಭಾರವು ಬೆನ್ನುಮೂಳೆಯ ತುದಿಯ ಮೇಲೆ ಬೀಳುತ್ತದೆ. ಬೆವರೂ ತಡೆಯಲಾರದೆ ಹೋದ ಮೂತ್ರವೂ ಅಲ್ಲಿಯೇ ನಿಲ್ಲುತ್ತವೆ. ಆ ತೇವದಲ್ಲಿ ಚರ್ಮ ಒಡೆದು ಹುಣ್ಣಾಗುವುದೇ ಆ ಎರಡನೆಯ ವಿಪತ್ತು.

ನಮ್ಮ ಚರ್ಮದ ಹೊರಪದರವೆಂಬುದು ಸತ್ತ ಜೀವಕೋಶಗಳ ಒಂದು ತೆಳುವಾದ ಪ್ರಾಕಾರ. ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ ಆ ಕೋಶಗಳನ್ನು ಮೇದಸ್ಸು ಹಿಡಿದಿಟ್ಟಿರುತ್ತದೆ. ಬಹುಕಾಲ ನೆನೆದಲ್ಲಿ ಕೋಶಗಳು ನೀರು ಹೀರಿ ಉಬ್ಬುತ್ತವೆ, ನಡುವಣ ಬಂಧ ಸಡಿಲುತ್ತದೆ, ಚರ್ಮವು ಬಿಳಿಚಿ, ಸುಕ್ಕುಗಟ್ಟಿ, ಮೆತ್ತಗಾಗುತ್ತದೆ. ಒಣಚರ್ಮವು ಜಾರಿಕೊಂಡು ಹೋಗಬಹುದಾದ ಬಟ್ಟೆಗೆ ನೆನೆದ ಚರ್ಮವು ಅಂಟಿಕೊಂಡು ಉಜ್ಜಿ ಸುಲಿಯುತ್ತದೆ. ಮೂತ್ರವಾದರೆ ಕೇಡು ಇನ್ನೂ ಹೆಚ್ಚು: ಅದರೊಳಗಿನ ಯೂರಿಯವನ್ನು ಸೂಕ್ಷ್ಮಾಣುಗಳು ಅಮೋನಿಯವಾಗಿ ಒಡೆಯುವುದರಿಂದ ಚರ್ಮದ ಸಹಜವಾದ ಸೌಮ್ಯ ಆಮ್ಲಗುಣ ನಾಶವಾಗಿ, ಮಲದೊಳಗಿನ ಕಿಣ್ವಗಳು ಚುರುಕಾಗಿ, ಶಿಲೀಂಧ್ರಗಳಿಗೂ ಆಶ್ರಯ ದೊರೆಯುತ್ತದೆ. ಕಪ್ಪು ಮೈಬಣ್ಣದ ನಮ್ಮವರಲ್ಲಿ ಆರಂಭದ ಕೆಂಪು ಸುಲಭವಾಗಿ ಕಾಣದು. ಸುತ್ತಲಿಗಿಂತ ಕಪ್ಪಾದ, ಬಿಸಿಯಾದ, ಹೊಳಪೇರಿದ ಅಥವಾ ಮುಟ್ಟಿದರೆ ಮೆತ್ತಗೆನಿಸುವ ಭಾಗವನ್ನೇ ಮೊದಲ ಸೂಚನೆಯೆಂದು ತಿಳಿಯತಕ್ಕದ್ದು.

ಹಾಗಾದರೆ ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಿಬಿಡೋಣವೆಂದು ಹೊರಡುವುದೂ ತಪ್ಪು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿಯು ಹಂದಿಗಳ ಮೇಲ್ಮೈ ಗಾಯಗಳನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ, ಹಕ್ಕಳೆಗಟ್ಟಲು ಬಿಟ್ಟ ಗಾಯಗಳಿಗಿಂತ ಸುಮಾರು ಇಮ್ಮಡಿ ವೇಗದಲ್ಲಿ ಅವುಗಳ ಮೇಲೆ ಹೊಸ ಚರ್ಮ ಹಬ್ಬಿತೆಂದು ತೋರಿಸಿದನು. ಹೊಸ ಕೋಶಗಳು ಚಲಿಸಲು ಪಸೆ ಬೇಕು. ಆ ಪಸೆ ಅಂಚನ್ನು ದಾಟಿ ಸುತ್ತಣ ಚರ್ಮವನ್ನು ನೆನೆಸಬಾರದು. ಹಳೆಯ ಹುಣ್ಣಿನಿಂದ ಒಸರುವ ರಸದಲ್ಲಿ ಮಾಂಸಸತ್ತ್ವವನ್ನೇ ಜೀರ್ಣಿಸುವ ಕಿಣ್ವಗಳು ತುಂಬಿರುವುದರಿಂದ, ತೊಯ್ದ ಪಟ್ಟಿಯನ್ನು ದಿನಗಟ್ಟಲೆ ಬಿಟ್ಟರೆ ಗಾಯವು ತನ್ನ ದಡವನ್ನು ತಾನೇ ಕೊರೆದುಕೊಳ್ಳುತ್ತದೆ. ಪಟ್ಟಿ ಪೂರ್ಣ ತೊಯ್ಯುವ ಮೊದಲೇ ಬದಲಾಗಬೇಕು.

ಶುಶ್ರೂಷೆ ಕಷ್ಟವಾದುದಲ್ಲ, ಬಿಡುವಿಲ್ಲದ್ದು. ಒದ್ದೆಯಾದೊಡನೆ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸತುವಿನ ಮುಲಾಮನ್ನೋ ವ್ಯಾಸಲೀನನ್ನೋ ತೆಳುವಾಗಿ ಲೇಪಿಸಬೇಕು. ಪೌಡರು ಒದ್ದೆಯಲ್ಲಿ ಗಂಟುಕಟ್ಟಿ ಉಜ್ಜುವುದರಿಂದ ಅದು ಬೇಡ. ರಬ್ಬರ್ ಶೀಟು ನೇರವಾಗಿ ಮೈಗೆ ತಾಗಬಾರದು. ಕುಳಿತವನ ಭಾರವನ್ನು ಆಗಾಗ್ಗೆ ಪಕ್ಕಕ್ಕೆ ವಾಲಿಸಬೇಕು. ಸಕ್ಕರೆ ಕಾಯಿಲೆಯವರು ಕಾಲ್ಬೆರಳುಗಳ ಸಂದನ್ನು ಒಣಗಿಸಿಡಬೇಕು, ಅಲ್ಲಿ ಮುಲಾಮು ಹಚ್ಚಲಾಗದು.

ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ತಣ್ಣನೆಯ ಕೆಸರುನೀರಿನಲ್ಲಿ ನಿಂತ ಸೈನಿಕರ ಪಾದಗಳು ಕೊಳೆಯತೊಡಗಿದಾಗ, ಒಣ ಕಾಲುಚೀಲ ಬದಲಿಸುವುದನ್ನೂ ಪಾದಗಳನ್ನು ಪರೀಕ್ಷಿಸುವುದನ್ನೂ ಬ್ರಿಟಿಷ್ ಸೈನ್ಯವು ಶಿಸ್ತಿನ ಅಂಗವಾಗಿ ಮಾಡಿತು. ಭೂಮಿಯ ಗರ್ಭದಿಂದ ಚಿನ್ನ ತಂದುಕೊಟ್ಟವರಿಗೆ ಅಷ್ಟಾದರೂ ವ್ಯವಸ್ಥೆ ಸಲ್ಲಬೇಡವೇ? ಗಣಿಯೊಡನೆ ಗಣಿಯ ಆಸ್ಪತ್ರೆಯೂ ಮುಚ್ಚಿದ ಊರಿನಲ್ಲಿ ಈ ಶುಶ್ರೂಷೆಯ ಹೊರೆಯೆಲ್ಲ ಹೆಂಡತಿ, ಸೊಸೆಯರ ಮೇಲೆ ಬಿದ್ದಿದೆ. ಅವರಲ್ಲಿ ಅನೇಕರು ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುವವರು. ಆಶಾ ಕಾರ್ಯಕರ್ತೆಯರಿಗೆ ಚರ್ಮರಕ್ಷಣೆಯ ತರಬೇತಿ ಕೊಟ್ಟು, ಹಾಸಿಗೆ ಹಿಡಿದವರಿರುವ ಮನೆಗಳಿಗೆ ಡೈಪರು, ಮುಲಾಮು, ಪಟ್ಟಿಗಳನ್ನು ತಿಂಗಳು ತಿಂಗಳೂ ಉಚಿತವಾಗಿ ತಲಪಿಸಲು ಜಿಲ್ಲಾಡಳಿತವು ವಿಳಂಬಿಸದೆ ಮುಂದಾಗಬೇಕು. ಅಲ್ಲಿಯವರೆಗೆ ಓದುಗರಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮನೆಯಲ್ಲಿ ಮಲಗಿರುವ ಹಿರಿಯರ ಬೆನ್ನನ್ನೂ ಸೊಂಟವನ್ನೂ ಇಂದೇ ಬೆಳಕಿನಲ್ಲಿ ನೋಡಿರಿ, ಚರ್ಮ ಒಡೆದಿದ್ದರೆ ಅಥವಾ ಕಪ್ಪಾಗಿದ್ದರೆ ನಾಳೆಗೆ ತಳ್ಳದೆ ವೈದ್ಯರಿಗೆ ತೋರಿಸಿರಿ.