ಮಾರಿದಾಗ ತಿಳಿಯುವ ಬೆಲೆ

ಬಾಂಡಿನ ಮುಖಬೆಲೆಯನ್ನೇ ನಾವು ನಮ್ಮ ಆಸ್ತಿಯೆಂದು ನಂಬುತ್ತೇವೆ. ಆದರೆ ಬಡ್ಡಿದರ ಏರಿದಂತೆ ಹಳೆಯ ಬಾಂಡಿನ ಪೇಟೆಬೆಲೆ ಇಳಿಯುತ್ತದೆ.

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು ಮಾರಾಟಕ್ಕೆಂದು ಇರಿಸಿದ್ದ ಬಾಂಡುಗಳನ್ನು ಪೇಟೆಬೆಲೆಯಲ್ಲೇ ಲೆಕ್ಕಕ್ಕಿಟ್ಟಿತ್ತು. ಆದರೆ ಮಾರುವ ತನಕ ಆ ಇಳಿಕೆಯು ಲಾಭನಷ್ಟದ ಪಟ್ಟಿಯನ್ನು ಸೇರುವುದಿಲ್ಲ. ಅವಧಿ ತುಂಬುವವರೆಗೆ ಇಟ್ಟುಕೊಳ್ಳುವೆವೆಂದ ಬಾಂಡುಗಳದೋ, ಸುಮಾರು 1,500 ಕೋಟಿ ಡಾಲರುಗಳ ಇಳಿಕೆ ಟಿಪ್ಪಣಿಯಲ್ಲಷ್ಟೇ ಇತ್ತು. 2023ರ ಮಾರ್ಚ್ 8ರಂದು, 2,100 ಕೋಟಿ ಡಾಲರುಗಳ ಬಾಂಡುಗಳನ್ನು ಮಾರಿ 180 ಕೋಟಿ ನಷ್ಟವಾಯಿತೆಂದು ಬ್ಯಾಂಕು ಪ್ರಕಟಿಸಿತು. ಠೇವಣಿದಾರರು ಮುಗಿಬಿದ್ದರು. 10ರಂದು ಅದರ ಬಾಗಿಲು ಮುಚ್ಚಿತು.

ಮಕ್ಕಳ ವಿದ್ಯೆಗೆ, ಮದುವೆಗೆ ಬೇಕಾಗುವ ಹಣವನ್ನು ದೀರ್ಘಾವಧಿಯ ಬಾಂಡಿನಲ್ಲಿ ಕಟ್ಟಿಹಾಕದಿರೋಣ. ಇಂದೇ ಮಾರಿದರೆ ಎಷ್ಟು ಬಂದೀತೆಂಬುದನ್ನು ವರ್ಷಕ್ಕೊಮ್ಮೆ ಮನೆಯ ಲೆಕ್ಕದಲ್ಲಿ ಬರೆದಿಡೋಣ.